ಒಂದು ಮೈ, ಹಲವು ಮನ, ಒಂದೇ ಕಟಕಟೆ

1977ರ ಅಕ್ಟೋಬರ್ 27ರಂದು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಪೊಲೀಸರು 22 ವರ್ಷದ ಒಬ್ಬ ಯುವಕನನ್ನು ಹಿಡಿದರು. ಹೆಸರು ಬಿಲ್ಲಿ ಮಿಲಿಗನ್. ಅದೇ ತಿಂಗಳು ಓಹಾಯೊ ಸ್ಟೇಟ್ ಯುನಿವರ್ಸಿಟಿಯ ಆವರಣದಿಂದ ಮೂವರು ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಅಪಹರಿಸಿ, ಅತ್ಯಾಚಾರ ಎಸಗಿ, ಅವರ ಬಳಿ ಇದ್ದುದನ್ನು ದೋಚಲಾಗಿತ್ತು. ಒಬ್ಬಾಕೆ ಪೊಲೀಸರ ಬಳಿಯಿದ್ದ ಹಳೆಯ ಅಪರಾಧಿಗಳ ಫೋಟೋಗಳಲ್ಲಿ ಅವನ ಮುಖ ಗುರುತಿಸಿದಳು. ಇನ್ನೊಬ್ಬಾಕೆಯ ಕಾರಿನ ಮೇಲೆ ಅವನ ಬೆರಳಚ್ಚು ಸಿಕ್ಕಿತು. ಹಿಂದೆಯೂ ಇಂಥದ್ದೇ ಅಪರಾಧಕ್ಕೆ ಜೈಲು ಕಂಡು ಪೆರೋಲ್ ಮೇಲೆ ಹೊರಬಂದಿದ್ದವನು ಅವನು. ಯಾರು ಮಾಡಿದರು ಎಂಬ ವಿಷಯದಲ್ಲಿ ಯಾವ ಅನುಮಾನಕ್ಕೂ ಎಡೆಯಿರಲಿಲ್ಲ. ಆದರೂ ಮುಂದಿನ ಹದಿಮೂರು ತಿಂಗಳು ಇಡೀ ನಗರ ಅದೇ ಪ್ರಶ್ನೆಯನ್ನು ಹಿಡಿದು ಕೂತಿತು.

ಸರ್ಕಾರದ ವತಿಯಿಂದ ಅವನಿಗೆ ಸಿಕ್ಕ ಇಬ್ಬರು ವಕೀಲರಿಗೆ ಮೊದಲು ಕಂಡದ್ದು ಸಾಯಲು ಹವಣಿಸುತ್ತಿದ್ದ ಒಬ್ಬ ಅಂಜುಬುರುಕ ಹುಡುಗ. ಪರೀಕ್ಷೆಗೆ ಬಂದ ಮನಶ್ಶಾಸ್ತ್ರಜ್ಞೆ ಡೊರೊಥಿ ಟರ್ನರ್ ಮಾತಿಗೆಳೆದಾಗ, ತಾನು ಬಿಲ್ಲಿಯಲ್ಲ, ಡೇವಿಡ್, ತನಗೆ ಎಂಟು ವರ್ಷ ಎಂದು ಆ ಹುಡುಗ ಹೇಳಿದ. ನೋವು ತಿನ್ನುವುದು ಡೇವಿಡ್‌ನ ಪಾಲಿನ ಕೆಲಸವಂತೆ. ಆಮೇಲೆ ಒಬ್ಬೊಬ್ಬರಾಗಿ ಹೊರಬಂದರು. ಇಂಗ್ಲಿಷರ ಧಾಟಿಯಲ್ಲಿ ಗತ್ತಿನಿಂದ ಮಾತಾಡುವ ಆರ್ಥರ್, ಯುಗೊಸ್ಲಾವಿಯದ ಉಚ್ಚಾರಣೆಯ ಸಿಟ್ಟಿನ ಆಳು ರೇಗನ್, ಬೇಡಿ ಬಿಚ್ಚಿಕೊಳ್ಳುವುದರಲ್ಲಿ ನಿಪುಣ ಟಾಮಿ, ಮೂರು ವರ್ಷದ ಪುಟ್ಟಿ ಕ್ರಿಸ್ಟೀನ್. ತಮ್ಮೊಳಗಿನ ವ್ಯವಸ್ಥೆಯನ್ನು ಅವರೇ ವಿವರಿಸಿದರು. ಕತ್ತಲೆ ಕೋಣೆಯಲ್ಲಿ ನೆಲದ ಮೇಲೆ ಒಂದು ಬೆಳಕಿನ ವೃತ್ತವಿದೆ, ಅದರೊಳಗೆ ಯಾರು ಕಾಲಿಡುತ್ತಾರೋ ಅವರಿಗೆ ಆ ಹೊತ್ತಿನ ಮೈಯೂ ಎಚ್ಚರವೂ ಸೇರುತ್ತದೆ, ಉಳಿದವರು ಹಿಂದೆ ಮಲಗಿರುತ್ತಾರೆ. ದರೋಡೆಗೆ ಹೊರಟವನು ರೇಗನ್. ಅತ್ಯಾಚಾರ ಮಾಡಿದ್ದು ಒಳಗಿದ್ದ ಅಡಲಾನಾ ಎಂಬ ಹೆಣ್ಣು. ಬಿಲ್ಲಿಗೆ ಏನೊಂದೂ ಗೊತ್ತಿಲ್ಲ. ವೈದ್ಯರ ಮುಂದೆ ಕಡೆಗೆ ರೂಪುಗೊಂಡ ವೃತ್ತಾಂತ ಇದು.

ಬಿಲ್ಲಿಯನ್ನು ನೋಡಲು ಬಂದವರಲ್ಲಿ ಡಾ. ಕಾರ್ನೆಲಿಯಾ ವಿಲ್ಬರ್ ಕೂಡ ಇದ್ದರು. 1973ರಲ್ಲಿ ಹೊರಬಂದು ಅಮೆರಿಕದ ಮನೆಮನೆಗೂ ಹೋಗಿದ್ದ ‘ಸಿಬಿಲ್’ ಪುಸ್ತಕದ ವೈದ್ಯೆ ಇವರೇ. ಹದಿನಾರು ವ್ಯಕ್ತಿತ್ವಗಳ ಹೆಣ್ಣಿನ ಕಥೆ ಅದು. ಹಾರ್ಡಿಂಗ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿದ ಡಾ. ಜಾರ್ಜ್ ಹಾರ್ಡಿಂಗ್ ಕೂಡ ಬಹುವ್ಯಕ್ತಿತ್ವ ಎಂದೇ ವರದಿ ಕೊಟ್ಟರು. ಬಾಲ್ಯದಲ್ಲಿ ಮಲತಂದೆ ತನ್ನ ಮೇಲೆ ಘೋರ ದೌರ್ಜನ್ಯ ಎಸಗಿದ್ದ ಎಂದು ಬಿಲ್ಲಿ ಹೇಳಿದ. ಆತ ಅದನ್ನು ಅಲ್ಲಗಳೆದ. ಪ್ರಾಸಿಕ್ಯೂಷನ್ ವರದಿಗೆ ಎದುರಾಡಲಿಲ್ಲ. ಜ್ಯೂರಿ ಕೂರಲಿಲ್ಲ. 1978ರ ಡಿಸೆಂಬರ್ 4ರಂದು ನ್ಯಾಯಾಧೀಶ ಜೇ ಫ್ಲವರ್ಸ್, ಚಿತ್ತವಿಕಲತೆಯ ಕಾರಣ ಮಿಲಿಗನ್ ತಪ್ಪಿತಸ್ಥನಲ್ಲ ಎಂದು ತೀರ್ಪಿತ್ತರು. ಬಹುವ್ಯಕ್ತಿತ್ವದ ಆಧಾರದ ಮೇಲೆ ಇಂಥ ಬಿಡುಗಡೆ ಅಮೆರಿಕದಲ್ಲಿ ಇದೇ ಮೊದಲು.

ಆ ಮೂವರು ಹೆಣ್ಣುಮಕ್ಕಳ ಬಗ್ಗೆ ಬರೆದ ಪುಟಗಳು ಬಲು ಕಡಿಮೆ. ಬಿಲ್ಲಿಯೊಳಗಿನ ಒಬ್ಬೊಬ್ಬರ ವಯಸ್ಸು, ಉಚ್ಚಾರ, ಹವ್ಯಾಸವೂ ಪುಸ್ತಕ ಸೇರಿವೆ. ಆದರೆ ಹೊರಗೆ ನಿಜವಾಗಿ ಬದುಕಿದ್ದ ಮೂವರಿಗೆ ಆಮೇಲೆ ಏನಾಯಿತೆಂದು ಕೇಳಿದವರೇ ವಿರಳ. ಈ ಇತಿಹಾಸ ಓದುವಾಗಲೆಲ್ಲ ನನ್ನನ್ನು ಕಾಡುವುದು ಈ ಅಸಮತೋಲನವೇ.

ತೀರ್ಪಿನ ಬೇರು ಹುಡುಕಿದರೆ ಲಂಡನ್ನಿಗೆ ಹೋಗಬೇಕು. 1843ರ ಜನವರಿ 20ರಂದು ಡೇನಿಯಲ್ ಮ್ಯಾಕ್‌ನಾಟನ್ ಎಂಬ ಗ್ಲಾಸ್ಗೋದ ಮರಗೆಲಸದವ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಹಿಂದಿನಿಂದ ಗುಂಡು ಹಾರಿಸಿದ. ಅವನನ್ನೇ ಪೀಲ್ ಎಂದುಕೊಂಡಿದ್ದ ಎಂಬುದು ಅಂದಿನ ನಂಬಿಕೆ. ಟೋರಿ ಪಕ್ಷದವರು ಊರಿಂದೂರಿಗೆ ಬೆನ್ನುಹತ್ತಿ ತನ್ನನ್ನು ಕಾಡುತ್ತಿದ್ದಾರೆ ಎಂಬ ಭ್ರಮೆ ಅವನದು. ಡ್ರಮಂಡ್ ಸತ್ತ, ಮ್ಯಾಕ್‌ನಾಟನ್ ಹುಚ್ಚಿನ ಕಾರಣಕ್ಕೆ ಬಿಡುಗಡೆಯಾದ. ರಾಣಿ ವಿಕ್ಟೋರಿಯಾಗೆ ಇದು ಸೇರಲಿಲ್ಲ. ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನು ಕರೆಸಿ ಐದು ಪ್ರಶ್ನೆ ಕೇಳಿತು. ಅವರು ಕೊಟ್ಟ ಉತ್ತರದ ತಿರುಳಿಷ್ಟು: ಕೃತ್ಯ ಎಸಗುವ ಹೊತ್ತಿಗೆ, ಮನಸ್ಸಿನ ಕಾಯಿಲೆಯಿಂದಾಗಿ, ತಾನೇನು ಮಾಡುತ್ತಿದ್ದೇನೆಂದು ಆರೋಪಿಗೆ ತಿಳಿದಿರಲಿಲ್ಲವೇ? ತಿಳಿದಿದ್ದರೂ ಅದು ತಪ್ಪೆಂದು ತಿಳಿದಿರಲಿಲ್ಲವೇ?

ಈ ಮಾತು ಹಡಗು ಹತ್ತಿ ಬಂದು ಭಾರತೀಯ ದಂಡ ಸಂಹಿತೆಯ 84ನೆಯ ಕಲಮಾಯಿತು. ಮೆಕಾಲೆಯ ಕರಡು 1837ರದು. ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಆಗ ನಮ್ಮ ಕಡೆಯ ಗುತ್ತಲ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆ 1845ರಲ್ಲೇ ಶುರುವಾಗಿತ್ತು, ಮ್ಯಾಕ್‌ನಾಟನ್ ತೀರ್ಪಾಗಿ ಎರಡೇ ವರ್ಷಕ್ಕೆ. ಕಾನೂನಿನ ಪ್ರಶ್ನೆಯೂ ಆ ಪ್ರಶ್ನೆಗೆ ಸಿಕ್ಕಿಬಿದ್ದವರನ್ನು ಇಡುವ ಕಟ್ಟಡವೂ ನಮ್ಮ ಸೀಮೆಗೆ ಹೆಚ್ಚುಕಡಿಮೆ ಜೊತೆಯಾಗಿಯೇ ಬಂದವು. ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ಬೇಕ ನೋಡು’ ಅನ್ನುವ ಮಾತು ನಮ್ಮ ಕಡೆ ಇನ್ನೂ ಬಾಯಲ್ಲಿದೆ. ಆ ಆಸ್ಪತ್ರೆಗೆ ಹೋಗಿಬಂದವರು ಎಷ್ಟು ಅವಮಾನ ಹೊತ್ತರೆಂಬುದಕ್ಕೂ ಅದೇ ಮಾತು ಸಾಕ್ಷಿ.

ಮುಂಬಯಿ ಹೈಕೋರ್ಟು 84ನೆಯ ಕಲಮನ್ನು ಬಿಗಿಯಾಗಿಯೇ ಓದಿತು. 1886ರ ಲಕ್ಷ್ಮಣ ದಗ್ಡೂ ಪ್ರಕರಣದಲ್ಲಿ, ಜ್ವರದಿಂದ ನರಳುತ್ತಿದ್ದ ತಂದೆ ಮಕ್ಕಳ ಅಳು ತಾಳಲಾರದೆ ಅವರನ್ನೇ ಕೊಂದಿದ್ದ. ಜ್ವರದ ಸಿಡುಕು ಬೇರೆ, ಬುದ್ಧಿ ಅಳಿಯುವುದು ಬೇರೆ ಎಂದಿತು ಕೋರ್ಟು. ಹತ್ತು ವರ್ಷದ ನಂತರ ಕಲ್ಕತ್ತೆಯಲ್ಲಿ ಕಾದರ್ ನಸ್ಯೇರ್ ಶಾ ಪ್ರಕರಣ ಬಂತು. ಮನೆ ಸುಟ್ಟುಹೋದಂದಿನಿಂದ ಮನಸ್ಸು ಕದಡಿದ್ದ ಮನುಷ್ಯ ಒಬ್ಬ ಬಾಲಕನನ್ನು ಕೊಂದಿದ್ದ. ಕಾಯಿಲೆ ಇದ್ದದ್ದು ಹೌದು, ಆದರೆ ಮಾಡಿದ್ದು ತಪ್ಪೆಂಬ ತಿಳಿವು ಹೋಗಿರಲಿಲ್ಲ ಎಂದು ಶಿಕ್ಷೆ ಉಳಿಸಿ, ಕರುಣೆಯ ಮಾತನ್ನು ಸರ್ಕಾರಕ್ಕೆ ಬಿಟ್ಟರು. ವೈದ್ಯರು ಹೇಳುವ ಹುಚ್ಚೆಲ್ಲ ಕಾನೂನಿನ ಹುಚ್ಚಲ್ಲ ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು.

ಒಂದೇ ಮೈಯಲ್ಲಿ ಇನ್ನೊಬ್ಬರು ಮಾತಾಡುವುದು ಗುತ್ತಲದ ಸುತ್ತಿನವರಿಗೆ ಹೊಸದೇನಲ್ಲ. ತುಂಗಭದ್ರೆ ದಾಟಿದರೆ ಮೈಲಾರ. ಈಚೆಗೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ದೇವರ ನುಡಿ ಹೇಳಲು ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಆಗ ಬರುವ ಮಾತು ಅವನದಲ್ಲ, ಮೈಲಾರಲಿಂಗನದು. ಮಳೆ ಬೆಳೆ ರಾಜಕೀಯವನ್ನೆಲ್ಲ ಆ ಒಂದು ಸಾಲಿಗೆ ಹೊಂದಿಸಿ ನೋಡುತ್ತಾರೆ. ಆದರೆ ಅದಕ್ಕೆ ತಿಥಿಯಿದೆ, ಜಾಗವಿದೆ, ವ್ರತವಿದೆ, ಕೆಳಗೆ ಕೈಚಾಚಿ ನಿಂತ ಜನರಿದ್ದಾರೆ. ಮರುದಿನ ಗೊರವಯ್ಯ ಗೊರವಯ್ಯನೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಈ ಗೆರೆಯನ್ನು ಒಪ್ಪುತ್ತದೆ. ಧರ್ಮ, ಸಂಪ್ರದಾಯ ಒಪ್ಪಿದ ಚೌಕಟ್ಟಿನೊಳಗೆ ಮೈಮೇಲೆ ಬರುವುದು ಕಾಯಿಲೆಯಲ್ಲ. ಬೇಡವೆಂದರೂ ಬಂದು ಬದುಕು ಕೆಡಿಸಿದರೆ ಮಾತ್ರ ಕಾಯಿಲೆ. ಅತ್ತೆಮನೆಯಲ್ಲಿ ಬಾಯಿ ಬಿಡಲಾಗದ ಸೊಸೆ ‘ದೆವ್ವ ಮೆಟ್ಟಿಕೊಂಡು’ ಹಿರಿಯರನ್ನೆಲ್ಲ ಏಕವಚನದಲ್ಲಿ ಬೈದು ಆಮೇಲೆ ಏನೂ ನೆನಪಿಲ್ಲ ಎನ್ನುತ್ತಾಳಲ್ಲ, ಅವಳ ಕಷ್ಟ ಈ ಎರಡನೆಯ ಬಗೆಯದು. ಬೇವಿನ ಸೊಪ್ಪಿನ ಹೊಡೆತ ಅದಕ್ಕೆ ಮದ್ದಲ್ಲ.

ನಮ್ಮ ನ್ಯಾಯಾಲಯಗಳು ದೆವ್ವದ ಮಾತನ್ನೂ ಕೇಳಿವೆ. 1958ರಲ್ಲಿ ಒಡಿಶಾದ ರಸಗೋವಿಂದಪುರದಲ್ಲಿ, ಪಾಳುಬಿದ್ದ ವಿಮಾನನಿಲ್ದಾಣದ ಕಡೆ ರಾತ್ರಿ ಬೆಳಕು ಮಿನುಗಿದ್ದನ್ನು ಕಂಡು, ದೆವ್ವಗಳೇ ಕುಣಿಯುತ್ತಿವೆ ಎಂದುಕೊಂಡ ರಾಮಬಹದ್ದೂರ್ ಥಾಪಾ ಖುಕ್ರಿ ಬೀಸಿದ. ಅಲ್ಲಿದ್ದವರು ಲಾಟೀನು ಹಿಡಿದು ಇಪ್ಪೆ ಹೂ ಆರಿಸಲು ಬಂದಿದ್ದ ಹೆಂಗಸರು. ಒಬ್ಬಾಕೆ ಸತ್ತಳು. ತಾನು ಮನುಷ್ಯರನ್ನು ಹೊಡೆಯುತ್ತಿಲ್ಲ ಎಂದು ಅವನು ಮನಸಾರೆ ನಂಬಿದ್ದ ಎಂದು ಕೋರ್ಟು 79ನೆಯ ಕಲಮಿನಡಿ ಬಿಡುಗಡೆ ಮಾಡಿತು, ಹೈಕೋರ್ಟೂ ಎತ್ತಿಹಿಡಿಯಿತು. ದೆವ್ವ ಹೊರಗಿದೆ ಎಂದು ನಂಬಿ ಹೊಡೆದವನು ಸ್ವಸ್ಥಚಿತ್ತನಾದ್ದರಿಂದ ಅವನಿಗೆ 79. ದೆವ್ವ ನನ್ನೊಳಗೇ ಹೊಕ್ಕು ಹೊಡೆಯಿತು ಎನ್ನುವವನು 84ರ ಬಾಗಿಲನ್ನೇ ತಟ್ಟಬೇಕು, ಆ ಬಾಗಿಲಿನ ಅಗಲ ಬಹಳ ಕಿರಿದು.

ಕಿರಿದಾದರೂ ಮುಚ್ಚಿಲ್ಲ. ಮಧ್ಯಪ್ರದೇಶದ ರತನ್‌ಲಾಲ್ ಎಂಬವನು 1965ರಲ್ಲಿ ಬೇರೆಯವರ ಕಣದಲ್ಲಿದ್ದ ಹುಲ್ಲಿಗೆ ಬೆಂಕಿಯಿಟ್ಟ. ಹಿಡಿದು ಕೇಳಿದರೆ ಓಡಲಿಲ್ಲ, ಬಚ್ಚಿಡಲಿಲ್ಲ. ಸುಟ್ಟಿದ್ದು ತಾನೇ, ಏನು ಮಾಡುತ್ತೀರೋ ಮಾಡಿ ಎಂದುಬಿಟ್ಟ. ಬಣವಿ ಸುಟ್ಟರೆ ವರ್ಷದ ಮೇವು ಹೋದಂತೆ ಎಂದು ಬಲ್ಲ ನಮ್ಮ ರೈತರಿಗೆ ಇದರ ನಷ್ಟ ಬಿಡಿಸಿ ಹೇಳಬೇಕಿಲ್ಲ. ಸುಪ್ರೀಂ ಕೋರ್ಟು ಅವನ ಆ ದಿನದ ನಡವಳಿಕೆ, ಮುಂಚಿನ ಕಾಯಿಲೆ, ಮನೋವೈದ್ಯರ ವರದಿ ಮೂರನ್ನೂ ಕೂಡಿಸಿ ನೋಡಿ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ, 1964ರ ದಹ್ಯಾಭಾಯಿ ಠಕ್ಕರ್ ತೀರ್ಪು ಅಳತೆಗೋಲು ಹಾಕಿಕೊಟ್ಟಿತ್ತು. ಮನಸ್ಸು ಕೆಟ್ಟಿತ್ತೆಂದು ತೋರಿಸುವ ಭಾರ ಆರೋಪಿಯದು, ಆದರೆ ಸಿವಿಲ್ ದಾವೆಯಲ್ಲಿ ಬೇಕಾಗುವಷ್ಟು ರುಜುವಾತು ಸಾಕು. ನೋಡಬೇಕಾದ್ದು ಕೃತ್ಯ ನಡೆದ ಆ ಗಳಿಗೆಯ ಮನಸ್ಸು. ಠಕ್ಕರ್ ಮಾತ್ರ ಆ ಅಳತೆಯಲ್ಲಿ ಗೆಲ್ಲಲಿಲ್ಲ. ಹೆಂಡತಿಯನ್ನು ಕೊಂದದ್ದಕ್ಕೆ ಅವನ ಶಿಕ್ಷೆ ಉಳಿಯಿತು.

ಮಿಲಿಗನ್‌ನಂಥ ಪ್ರಕರಣ ನಮ್ಮಲ್ಲಿ ಏಕೆ ಹುಟ್ಟಲಿಲ್ಲ? ಅದೇ ಎಪ್ಪತ್ತರ ದಶಕದಲ್ಲಿ ನಾಗಪುರದಲ್ಲೊಂದು ಘಟನೆ ನಡೆಯಿತು. 1974ರ ಹೊತ್ತಿಗೆ ಅಲ್ಲಿನ ಮರಾಠಿ ಮಾತೃಭಾಷೆಯ ಒಬ್ಬ ಉಪನ್ಯಾಸಕಿ ಇದ್ದಕ್ಕಿದ್ದಂತೆ ಬಂಗಾಳಿ ಮಾತಾಡತೊಡಗಿದರು, ಬಂಗಾಳಿ ಹೆಂಗಸರಂತೆ ಸೀರೆ ಉಟ್ಟರು, ತನ್ನ ಹೆಸರು ಶಾರದಾ ಎಂದರು. ಹೆತ್ತವರ ಗುರುತೇ ಇಲ್ಲದಂತೆ ನಡೆದುಕೊಂಡರು. ಒಮ್ಮೊಮ್ಮೆ ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಶಾರದಾ ಇದ್ದು ಹೋಗುತ್ತಿದ್ದಳು. ಇದನ್ನು ಕೂಲಂಕಷವಾಗಿ ಅಭ್ಯಸಿಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಒಬ್ಬರು. ಅಮೆರಿಕದ ಇಯಾನ್ ಸ್ಟೀವನ್ಸನ್ ಜೊತೆ ಅವರು ಬರೆದ ವರದಿ ಅದನ್ನು ಪುನರ್ಜನ್ಮದ ನೆಲೆಯಲ್ಲಿ ನೋಡಿತು. ಕೊಲಂಬಸ್‌ನಲ್ಲಿ ರೋಗವೆನಿಸಿದ್ದು ನಾಗಪುರದಲ್ಲಿ ಹಿಂದಿನ ಜನ್ಮವೆನಿಸಿತು. ಇಲ್ಲಿ ಮೈಮೇಲೆ ಬರುವವರು ದೇವರು, ದೆವ್ವ, ಸತ್ತ ಅತ್ತೆ, ಹಿಂದಿನ ಜನ್ಮದವರು. ಹೊರಗಿನಿಂದ ಬಂದವರು, ಹೊರಗೇ ಹೋಗಬೇಕಾದವರು. ಅಲ್ಲಿ ಬರುವವರು ಒಳಗಿನವರೇ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 1989ರಲ್ಲಿ ಭಾರತದ ಮೂರು ಬಹುವ್ಯಕ್ತಿತ್ವ ಪ್ರಕರಣಗಳನ್ನು ವರದಿ ಮಾಡಿದಾಗಲೂ, ಇಂಥವು ಇಲ್ಲಿ ವಿರಳ, ಮೈಮೇಲೆ ಬರುವುದೇ ಹೆಚ್ಚು ಎಂದರು. ಕನ್ನಡಿಗರಿಗೆ ಈ ಕಾಯಿಲೆಯ ಚಿತ್ರ ಬಹುಮಟ್ಟಿಗೆ 2004ರ ‘ಆಪ್ತಮಿತ್ರ’ದ ನಾಗವಲ್ಲಿಯಿಂದ ಬಂದದ್ದು. ನಾಗವಲ್ಲಿ ಕೊಲೆಯನ್ನೇ ಮಾಡಿದ್ದರೆ ಕಾನೂನು ಏನನ್ನುತ್ತಿತ್ತು ಎಂಬಲ್ಲಿಗೆ ಆ ಸಿನಿಮಾ ಹೋಗುವುದಿಲ್ಲ.

ಅಮೆರಿಕ ಅಲ್ಲಿಗೆ ಹೋಯಿತು, ಹೋಗಿ ಕೈ ಸುಟ್ಟುಕೊಂಡಿತು. ಮಿಲಿಗನ್ ಬಿಡುಗಡೆಯಾದ ಮರುತಿಂಗಳೇ, 1979ರ ಜನವರಿಯಲ್ಲಿ, ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಇಬ್ಬರು ವಿದ್ಯಾರ್ಥಿನಿಯರ ಕೊಲೆಯ ಮೇಲೆ ಕೆನೆತ್ ಬಿಯಾಂಕಿ ಸಿಕ್ಕಿಬಿದ್ದ. ಅದಕ್ಕೂ ಹಿಂದೆ ಲಾಸ್ ಏಂಜಲೀಸ್ ಗುಡ್ಡಗಳಲ್ಲಿ ಹೆಣ್ಣುಮಕ್ಕಳನ್ನು ಕೊಂದು ಎಸೆದಿದ್ದ ಜೋಡಿಯಲ್ಲಿ ಇವನೊಬ್ಬ, ಇನ್ನೊಬ್ಬ ಅವನ ಸಂಬಂಧಿ ಆಂಜೆಲೊ ಬ್ಯೂನೊ. ಮನಶ್ಶಾಸ್ತ್ರಜ್ಞ ಜಾನ್ ವಾಟ್ಕಿನ್ಸ್ ಸಂಮೋಹನಕ್ಕೆ ಒಳಪಡಿಸಿದಾಗ ‘ಸ್ಟೀವ್’ ಹೊರಬಂದ, ಕೊಂದದ್ದು ನಾನೇ, ಕೆನ್‌ಗೆ ಏನೂ ಗೊತ್ತಿಲ್ಲ ಎಂದ. ಕೆಲವು ತಜ್ಞರು ನಂಬಿದರು. ಪ್ರಾಸಿಕ್ಯೂಷನ್ ಕಡೆಯಿಂದ ಬಂದ ಡಾ. ಮಾರ್ಟಿನ್ ಓರ್ನ್ ನಂಬಲಿಲ್ಲ. ಅವರು ಬಲೆ ಹೆಣೆದ ರೀತಿ ನೋಡಿ. ನಿಜವಾದ ಬಹುವ್ಯಕ್ತಿತ್ವದಲ್ಲಿ ಇಬ್ಬರೇ ಇರುವುದು ಅಪರೂಪ ಎಂದು ಬಿಯಾಂಕಿಯ ಕಿವಿಗೆ ಬೀಳುವಂತೆ ಸುಮ್ಮನೆ ಅಂದರು. ಮುಂದಿನ ಸಂಮೋಹನದಲ್ಲಿ ‘ಬಿಲ್ಲಿ’ ಎಂಬ ಮೂರನೆಯವನು ಹಾಜರಾದ. ನಿನ್ನ ವಕೀಲರು ಇಲ್ಲೇ ಕೂತಿದ್ದಾರೆ ಎಂದು ಖಾಲಿ ಕುರ್ಚಿ ತೋರಿಸಿದರೆ, ಬಿಯಾಂಕಿ ಎದ್ದು ಗಾಳಿಯ ಕೈ ಕುಲುಕಿ ಅತಿನಟನೆ ಮಾಡಿದ. ಕೊನೆಗೆ ಪೊಲೀಸರು ಸ್ಟೀವ್‌ನ ಮೂಲವನ್ನೇ ಹಿಡಿದರು. ಸ್ಟೀವ್ ವಾಕರ್ ಎಂಬುದು ನಿಜವಾದ ಒಬ್ಬ ಮನಶ್ಶಾಸ್ತ್ರ ಪದವೀಧರನ ಹೆಸರು. ಅವನ ಅಂಕಪಟ್ಟಿಯನ್ನು ಮೋಸದಿಂದ ತರಿಸಿಕೊಂಡು ಬಿಯಾಂಕಿ ಕಳ್ಳ ಮನಶ್ಶಾಸ್ತ್ರಜ್ಞನಾಗಿ ಕಚೇರಿ ತೆರೆಯಲು ಹೊರಟಿದ್ದ. ಆ ವರ್ಷದ ಅಕ್ಟೋಬರ್‌ನಲ್ಲಿ ಅವನು ತಪ್ಪೊಪ್ಪಿಕೊಂಡ.

ಇದಾದ ಮೇಲೆ ನ್ಯಾಯಾಲಯಗಳ ಧೋರಣೆ ಬಿಗಿಯಾಯಿತು. ಮಿಲಿಗನ್‌ನ ಓಹಾಯೊದಲ್ಲೇ 1982ರಲ್ಲಿ ಗ್ರಿಮ್ಸ್‌ಲಿ ಪ್ರಕರಣ ಬಂತು. ಕುಡಿದು ಕಾರು ಓಡಿಸಿದ ಹೆಂಗಸೊಬ್ಬಳು, ಎದೆಯಲ್ಲಿ ಗಂಟು ಕಂಡ ಆಘಾತಕ್ಕೆ ತನ್ನೊಳಗಿನ ‘ಜೆನಿಫರ್’ ಬಂದು ಸ್ಟಿಯರಿಂಗ್ ಹಿಡಿದಳು, ತನಗೇನೂ ಗೊತ್ತಿಲ್ಲ ಎಂದಳು. ಮೇಲ್ಮನವಿ ನ್ಯಾಯಾಲಯ ಜೆನಿಫರ್ ಇದ್ದಾಳೋ ಇಲ್ಲವೋ ಎಂಬ ಚರ್ಚೆಗೇ ಹೋಗಲಿಲ್ಲ. ಕಾರಿನಲ್ಲಿದ್ದದ್ದು ಒಬ್ಬಳೇ, ಅವಳೊಳಗೆ ಆ ಹೊತ್ತಿಗೆ ಯಾರು ಎದ್ದಿದ್ದರೂ ಆ ‘ಯಾರೋ’ಗೆ ಎಚ್ಚರವಿತ್ತು, ಬೇಕೆಂದೇ ಓಡಿಸುತ್ತಿದ್ದಳು. ಅಷ್ಟು ಸಾಕು ಎಂದಿತು. 1993ರಲ್ಲಿ ನ್ಯೂ ಮೆಕ್ಸಿಕೊದ ಆಸ್ಪತ್ರೆಯಿಂದ ಕೂಸು ಕದ್ದ ನರ್ಸ್ ಒಬ್ಬಳ ಮೊಕದ್ದಮೆಯಲ್ಲಿ ಮಾತ್ರ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬೇರೆ ದಾರಿ ಹಿಡಿದು, ಮೈಯ ಮೂಲ ಒಡತಿಯಾದ ವ್ಯಕ್ತಿತ್ವಕ್ಕೆ ತಿಳಿದಿತ್ತೇ ಎಂಬುದನ್ನೂ ಜ್ಯೂರಿ ತೂಗಬೇಕಿತ್ತು ಎಂದಿತು. ಈ ಎರಡರ ನಡುವೆ ಅಮೆರಿಕ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನನಗೆ ಗ್ರಿಮ್ಸ್‌ಲಿ ತೀರ್ಪೇ ಸರಿ ಎನಿಸುತ್ತದೆ, ಅದು ಕಠಿಣವೆಂದು ತಿಳಿದೂ. ಒಳಗೆಷ್ಟು ಜನ ಇದ್ದಾರೆಂದು ಎಣಿಸುವುದು ವೈದ್ಯರ ಕೆಲಸ. ಹೊಡೆದ ಕೈಯನ್ನು ಆ ಹೊತ್ತಿಗೆ ನಡೆಸಿದ ಮನಸ್ಸಿಗೆ ಎದುರಿಗಿರುವುದು ಮನುಷ್ಯಳೆಂದೂ ಇದು ತಪ್ಪೆಂದೂ ತಿಳಿದಿತ್ತೇ ಎಂದು ಕೇಳುವುದು ನ್ಯಾಯಾಧೀಶರ ಕೆಲಸ. ಪೆಟ್ಟು ತಿಂದವಳ ಎದುರಿಗೆ ಬಂದು ನಿಂತವರು ಬಿಲ್ಲಿಯೊಳಗಿನ ಇಪ್ಪತ್ನಾಲ್ಕು ಜನರಲ್ಲ, ಒಬ್ಬನೇ.

ಕಾಯಿಲೆಯ ಹೆಸರೂ ಈ ನಡುವೆ ಬದಲಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಹುವ್ಯಕ್ತಿತ್ವವಾಗಿ ಸೇರಿದ್ದು 1994ರಲ್ಲಿ ವಿಘಟಿತ ಗುರುತಿನ ಕಾಯಿಲೆಯಾಯಿತು. ಇರುವುದು ಹಲವರಲ್ಲ, ಒಡೆದುಹೋದ ಒಬ್ಬರೇ ಎಂಬ ತಿಳಿವು ಅದರ ಹಿಂದಿತ್ತು. 2013ರಲ್ಲಿ ಮೈಮೇಲೆ ಬರುವ ಅನುಭವವನ್ನೂ ಅದರ ಲಕ್ಷಣದೊಳಗೆ ಸೇರಿಸಿದರು. ಸಿಬಿಲ್ ತನ್ನ ವೈದ್ಯೆಗೆ 1958ರಲ್ಲೇ, ಈ ವ್ಯಕ್ತಿತ್ವಗಳು ತಾನು ಕಟ್ಟಿದ ನಟನೆ ಎಂದು ಪತ್ರ ಬರೆದಿದ್ದಳೆಂಬುದೂ ಆಮೇಲೆ ಬೆಳಕಿಗೆ ಬಂತು. ವಿಲ್ಬರ್ ಅದನ್ನು ಕಾಯಿಲೆಯದೇ ಒಂದು ಆಟವೆಂದು ಬದಿಗಿಟ್ಟಿದ್ದರು.

ಮಿಲಿಗನ್ ಬಿಡುಗಡೆಯಾದರೂ ಮನೆಗೆ ಹೋಗಲಿಲ್ಲ. ಅಥೆನ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಡೇವಿಡ್ ಕಾಲ್ ಅವನೊಳಗಿನ ಇಪ್ಪತ್ನಾಲ್ಕು ಜನರನ್ನು ಒಂದುಗೂಡಿಸಲು ದುಡಿದರು, ಒಂದಿಷ್ಟು ಫಲವೂ ಕಂಡಿತು. ಪತ್ರಿಕೆಗಳು, ಶಾಸಕರು ಗದ್ದಲವೆಬ್ಬಿಸಿದರು. 1979ರ ಕೊನೆಗೆ ಅವನನ್ನು ಲೈಮಾದ ಬಿಗಿ ಕಾವಲಿನ ಆಸ್ಪತ್ರೆಗೆ ಸಾಗಿಸಿದರು, ಅಲ್ಲಿ ಮತ್ತೆ ಚೂರುಚೂರಾದ. 1986ರಲ್ಲಿ ತಪ್ಪಿಸಿಕೊಂಡು ಸಿಕ್ಕಿಬಿದ್ದ. 1988ರಲ್ಲಿ ಹೊರಬಂದ, 1991ರಲ್ಲಿ ಕೋರ್ಟಿನ ನಿಗಾದಿಂದಲೂ ಮುಕ್ತನಾದ. 2014ರ ಡಿಸೆಂಬರ್ 12ರಂದು ಕೊಲಂಬಸ್‌ನಲ್ಲೇ ಕ್ಯಾನ್ಸರ್‌ನಿಂದ ಸತ್ತ, 59ನೆಯ ವಯಸ್ಸಿಗೆ.

ಇಂಥದೊಂದು ಮೊಕದ್ದಮೆ ನಾಳೆ ಗುತ್ತಲ ಠಾಣೆಯಿಂದ ಹಾವೇರಿ ಸೆಷನ್ಸ್ ಕೋರ್ಟಿಗೆ ಬಂದರೆ ನಡೆಯುವುದು ಹೀಗೆ. ಆರೋಪಿಗೆ ವಿಚಾರಣೆ ಅರ್ಥವಾಗುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಅನುಮಾನವಿದ್ದರೆ ವೈದ್ಯರ ಪರೀಕ್ಷೆಗೆ ಕಳಿಸುತ್ತಾರೆ, ನಮ್ಮ ಭಾಗದಲ್ಲಿ ಬಹುತೇಕ ಧಾರವಾಡಕ್ಕೆ. 1845ರ ಆ ಆಸ್ಪತ್ರೆ ಈಗ ಡಿಮ್ಹಾನ್ಸ್. ಕೃತ್ಯದ ಹೊತ್ತಿನ ಮನಸ್ಸು ಎಂಥದಿತ್ತು ಎಂಬುದು ಆಮೇಲಿನ, ಬೇರೆಯೇ ಪ್ರಶ್ನೆ. 2024ರ ಜುಲೈ 1ರಿಂದ 84ನೆಯ ಕಲಮು ಭಾರತೀಯ ನ್ಯಾಯ ಸಂಹಿತೆಯ 22 ಆಗಿದೆ, ಒಳಗಿನ ಪರೀಕ್ಷೆ ಬದಲಾಗಿಲ್ಲ. ಚಿತ್ತವಿಕಲತೆಯಿಂದ ಬಿಡುಗಡೆಯಾದವನನ್ನೂ ಕೋರ್ಟು ಸುಮ್ಮನೆ ಮನೆಗೆ ಕಳಿಸುವುದಿಲ್ಲ, ಸುರಕ್ಷಿತ ಕಾವಲಿಗೋ ಆಸ್ಪತ್ರೆಗೋ ಒಪ್ಪಿಸುತ್ತದೆ, ಇಲ್ಲವೆ ಜವಾಬ್ದಾರಿ ಹೊತ್ತ ಬಂಧುಗಳ ವಶಕ್ಕೆ ಕೊಡುತ್ತದೆ. ಈ ಇಡೀ ಸರಪಳಿ ನಿಲ್ಲುವುದು ಸಮಯಕ್ಕೆ ಸರಿಯಾಗಿ ರೋಗಿಯನ್ನು ನೋಡಿದ ಒಬ್ಬ ವೈದ್ಯರ ಬರಹದ ಮೇಲೆ. ಹಳ್ಳಿಯ ಕುಟುಂಬ ಕೃತ್ಯಕ್ಕೂ ಮುಂಚಿನ ವರ್ಷಗಳನ್ನು ಗುಡಿಗಳಲ್ಲೇ ಕಳೆದಿದ್ದರೆ ಆ ಬರಹ ಇರುವುದೇ ಇಲ್ಲ. ನಿಜವಾದ ರೋಗಿಯೊಬ್ಬ 22ನೆಯ ಕಲಮಿನ ಆಸರೆ ಕಳೆದುಕೊಳ್ಳುವುದು ಹೆಚ್ಚಾಗಿ ಈ ಕಾರಣಕ್ಕೇ.

ಮಿಲಿಗನ್ ತೀರ್ಪಾದ ನಲವತ್ತು ವರ್ಷಕ್ಕೆ, 2019ರಲ್ಲಿ, ಆಸ್ಟ್ರೇಲಿಯದ ಸಿಡ್ನಿಯ ನ್ಯಾಯಾಲಯದಲ್ಲಿ ಇದೇ ಕಾಯಿಲೆ ಕಟಕಟೆಯ ಬದಲು ಸಾಕ್ಷಿಯ ಪೆಟ್ಟಿಗೆಯಲ್ಲಿ ಬಂದು ನಿಂತಿತು. ಸಾಕ್ಷಿ ನುಡಿಯಲು ಬಂದವರು ಬಾಲ್ಯದುದ್ದಕ್ಕೂ ತಂದೆಯಿಂದ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆ. ಒಂದೊಂದು ನೋವನ್ನು ಒಂದೊಂದು ವ್ಯಕ್ತಿತ್ವ ಹೊತ್ತು ಬದುಕಿದವರು. ಅವರೊಳಗಿನ ಆರು ಜನರಿಗೆ ಸಾಕ್ಷಿ ನುಡಿಯಲು ನ್ಯಾಯಾಧೀಶರು ಅನುಮತಿ ಕೊಟ್ಟರು. ಮೊದಲು ಮಾತಾಡಿದವಳು ನಾಲ್ಕು ವರ್ಷದ ಸಿಂಫನಿ. ವಿಚಾರಣೆಯ ಎರಡನೆಯ ದಿನ, ಅವಳ ಮಾತು ಮುಗಿಯುವ ಮೊದಲೇ ತಂದೆ ತಪ್ಪೊಪ್ಪಿಕೊಂಡ. ಸೆಪ್ಟೆಂಬರ್‌ನಲ್ಲಿ ಅವನಿಗೆ 45 ವರ್ಷ ಸೆರೆವಾಸವಾಯಿತು.